ನಿಮಗಿದು ಗೊತ್ತೇ? ಕಾಡಿನ ಕೆಲಸಕ್ಕೆ ಹುಟ್ಟಿದ ಬಣ್ಣದ ಬಂದೂಕು

ಪೇಂಟ್‌ಬಾಲ್ ಬಂದೂಕನ್ನು ಮೊದಲು ಮಾಡಿದ್ದು ಆಟಕ್ಕಲ್ಲ, ಮರಗಳಿಗೆ ಗುರುತು ಹಾಕಲು! ಹಳ್ಳ ದಾಟಿ, ಮುಳ್ಳುಪೊದೆಯಲ್ಲಿ ನುಗ್ಗಿ ಒಂದೊಂದು ಮರದ ಬುಡಕ್ಕೂ ಹೋಗುವ ಬದಲು ದೂರ ನಿಂತೇ ಬಣ್ಣ ಹೊಡೆಯಲು ಅಮೆರಿಕದ ಅರಣ್ಯ ಸಿಬ್ಬಂದಿಗೆ ಒಂದು ಸಾಧನ ಬೇಕಿತ್ತು. ಮರಕ್ಕೆ ಬಳಿಯುವ ಬಣ್ಣ ಮಾರುತ್ತಿದ್ದ ನೆಲ್ಸನ್ ಪೇಂಟ್ ಕಂಪನಿ ಅದರ ಬೆನ್ನು ಹತ್ತಿತು. ಏರ್‌ಗನ್ ತಯಾರಕರಾದ ಡೈಸಿ ಕಂಪನಿಯವರು 1970ರ ದಶಕದಲ್ಲಿ ಅದಕ್ಕಾಗಿ ಮಾಡಿಕೊಟ್ಟ ಪಿಸ್ತೂಲಿನ ಹೆಸರು ನೆಲ್‌ಸ್ಪಾಟ್ 007. ದೊಡ್ಡ ಮಂದೆಯಲ್ಲಿ ದನಗಳಿಗೆ ಗುರುತು ಹಾಕಲು ಅಲ್ಲಿನ ರೈತರೂ ಅದನ್ನೇ ಬಳಸಿದರು. ಇಂದಿಗೂ ಆಟಗಾರರು ಪೇಂಟ್‌ಬಾಲ್ ಬಂದೂಕನ್ನು ‘ಮಾರ್ಕರ್’ ಎಂದೇ ಕರೆಯುತ್ತಾರೆ.

ದಾಂಡೇಲಿ, ಹಳಿಯಾಳ, ಜೋಯಿಡಾ ಕಡೆಯವರಿಗೆ ಮರಕ್ಕೆ ಗುರುತು ಹಾಕುವುದು ಹೊಸ ಸಂಗತಿಯೇನಲ್ಲ. ನಮ್ಮ ಅರಣ್ಯ ಇಲಾಖೆಯ ಪದ್ಧತಿಯಲ್ಲಿ ಆ ಕೆಲಸ ನಡೆದದ್ದು ಮುದ್ರೆ ಸುತ್ತಿಗೆಯಿಂದ. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಮರದ ಸುತ್ತಳತೆ ತೆಗೆಯಬೇಕು. ತೊಗಟೆಯನ್ನು ಕೆತ್ತಿ ನಂಬರು ಹಾಕಬೇಕು. ಬುಡದಲ್ಲಿ ಇನ್ನೊಂದು ಕಡೆ ಕೆತ್ತಿ ಸುತ್ತಿಗೆಯ ಮುದ್ರೆ ಒತ್ತಬೇಕು. ಮರ ಉರುಳಿ ಡಿಪೋ ಸೇರಿದ ಮೇಲೂ ಬೊಡ್ಡೆಯಲ್ಲಿ ಆ ಮುದ್ರೆ ಉಳಿದಿರುತ್ತದೆ. ಕಡಿದದ್ದು ಪಟ್ಟಿಯಲ್ಲಿದ್ದ ಮರವೋ ಕಳ್ಳಸಾಗಣೆಯದೋ ಎಂದು ಬೊಡ್ಡೆ ನೋಡಿಯೇ ಹೇಳಬಹುದು. ದೂರದಿಂದ ಬಣ್ಣ ಹೊಡೆಯುವ ಯಂತ್ರದಿಂದ ಈ ಸಾಕ್ಷ್ಯ ಸಿಗುವುದಿಲ್ಲ. ಆ ಒಂದು ವಿಷಯದಲ್ಲಿ ನಮ್ಮ ಹಳೆಯ ಸುತ್ತಿಗೆಯೇ ಮೇಲು ಎಂದು ನನಗನ್ನಿಸುತ್ತದೆ.

ಮೊದಲ ಪೇಂಟ್‌ಬಾಲ್ ಆಟ ನಡೆದದ್ದು 1981ರ ಜೂನ್ 27ರಂದು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಎಂಬ ಊರಿನ ಕಾಡಿನಲ್ಲಿ. ಆಟಗಾರರು 12 ಮಂದಿ, ಎಲ್ಲರ ಕೈಯಲ್ಲೂ ಅದೇ ನೆಲ್‌ಸ್ಪಾಟ್ 007. ನಗರದವ ಗೆಲ್ಲುತ್ತಾನೋ ಕಾಡು ಬಲ್ಲವ ಗೆಲ್ಲುತ್ತಾನೋ ಎಂದು ಗೆಳೆಯರ ನಡುವೆ ಎದ್ದ ಚರ್ಚೆ ಈ ಆಟಕ್ಕೆ ಕಾರಣ. ಗೆದ್ದವರು ರಿಚಿ ವೈಟ್. ವೃತ್ತಿಯಿಂದ ಅವರು ಅರಣ್ಯದಲ್ಲಿ ಕೆಲಸ ಮಾಡುವವರು. ಇಡೀ ಆಟದಲ್ಲಿ ಅವರು ಒಂದು ಗುಂಡನ್ನೂ ಹಾರಿಸಲಿಲ್ಲ, ಯಾರ ಕಣ್ಣಿಗೂ ಬೀಳದೆ, ಆಟದಲ್ಲಿ ಸಂಗ್ರಹಿಸಬೇಕಿದ್ದ ಬಾವುಟಗಳನ್ನೆಲ್ಲ ಎತ್ತಿಕೊಂಡು ಬಂದರು!

ಆಗಿನ ಗುಂಡುಗಳಲ್ಲಿ ಇದ್ದದ್ದು ಎಣ್ಣೆ ಬಣ್ಣ. ಮರದ ಮೇಲೆ ಅದು ಮಳೆ ಬಿಸಿಲಿಗೆ ಜಗ್ಗದೆ ನಿಲ್ಲಬೇಕಿತ್ತಲ್ಲ. ಆಟ ಮುಗಿದ ಮೇಲೆ ಮೈಕೈ ತೊಳೆಯಲು ಟರ್ಪೆಂಟೈನ್ ಬೇಕಾಗುತ್ತಿತ್ತು. ನೀರಿನಲ್ಲಿ ಕರಗುವ ಬಣ್ಣ ಬಂದದ್ದು ಆಮೇಲೆ.

ಕಾಗದ ಕಾರ್ಖಾನೆಯ ಜೊತೆಗೇ ಬೆಳೆದದ್ದು ದಾಂಡೇಲಿಯ ನಮ್ಮ ಬಂಗೂರನಗರ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್, ಸುತ್ತಲ ಕಾಡಿನ ಬಿದಿರು, ಡಿಪೋದ ಸಾಗವಾನಿ: ದಾಂಡೇಲಿಯ ಹೆಸರು ಹೊರಗೆ ಹೋದದ್ದು ಇವುಗಳಿಂದ. ಈಗ ಶನಿವಾರ ಬಂತೆಂದರೆ ಕಾಳಿ ನದಿಯ ರ‍್ಯಾಫ್ಟಿಂಗ್‌ಗೆಂದು ಹುಬ್ಬಳ್ಳಿ, ಬೆಂಗಳೂರು, ಗೋವಾದಿಂದ ಜನ ಬರುತ್ತಾರೆ. ಬಂದವರಿಗೆ ಜಿಪ್‌ಲೈನ್, ಕಯಾಕಿಂಗ್ ಜೊತೆ ಕೆಲವೆಡೆ ಪೇಂಟ್‌ಬಾಲ್ ಕೂಡ ಸಿಗುತ್ತದೆ. ಮರದ ಕೆಲಸಕ್ಕೆ ಹುಟ್ಟಿದ ಸಾಧನ ಮರದೂರಿಗೇ ಬಂದಿದೆ. ಅದನ್ನು ಕೈಗೆ ಕೊಡುವ ಹುಡುಗರಿಗೂ ಹಣ ಕೊಟ್ಟು ಆಡುವವರಿಗೂ ಅದರ ಒಳಗುಟ್ಟು ಗೊತ್ತಿರಬೇಕು. ನಮ್ಮ ಸೀಮೆಯ ಬಿಸಿಲು, ಮಂಜು, ಮಳೆ ಮೂರೂ ಈ ಯಂತ್ರಕ್ಕೆ ಆಗಿಬರುವುದಿಲ್ಲ.

ಗುಂಡಿನ ವ್ಯಾಸ 0.68 ಇಂಚು, ಅಂದರೆ ಸುಮಾರು 17.3 ಮಿಲಿಮೀಟರ್. ತೂಕ 3 ಗ್ರಾಂ ಆಸುಪಾಸು. ಮಕ್ಕಳಿಗೆ, ಹೊಸಬರಿಗೆ 0.50 ಇಂಚಿನ ಚಿಕ್ಕ ಗುಂಡೂ ಇದೆ.

ಅದರ ಹೊರಕವಚ ಯಾವುದರದ್ದು ಗೊತ್ತೇ? ಔಷಧಿ ಅಂಗಡಿಯ ಮೆತ್ತನೆ ಕ್ಯಾಪ್ಸೂಲಿನದೇ, ಜೆಲಟಿನ್! ನೆಲ್ಸನ್ ಕಂಪನಿಗೆ ಮೊದಮೊದಲು ಗುಂಡು ಮಾಡಿಕೊಟ್ಟ ಆರ್.ಪಿ. ಷೆರರ್ ಕೂಡ ಕ್ಯಾಪ್ಸೂಲ್ ತಯಾರಿಸುವ ಕಂಪನಿಯೇ. ಜೆಲಟಿನ್ ಗಾಳಿಯ ತೇವವನ್ನು ಹೀರುತ್ತದೆ. ಹೀರಿದರೆ ಗುಂಡು ಊದಿ ಮೆತ್ತಗಾಗುತ್ತದೆ, ಒಂದು ಕಡೆ ಚಪ್ಪಟೆಯಾಗುತ್ತದೆ. ಚಪ್ಪಟೆ ಗುಂಡು ನೇರ ಹೋಗುವುದಿಲ್ಲ. ಬಹಳ ಊದಿದ್ದರೆ ನಳಿಗೆಯೊಳಗೇ ಒಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುವ ಜೋಯಿಡಾದಲ್ಲಿ, ಬಾಯಿ ತೆರೆದ ಚೀಲದಲ್ಲಿಟ್ಟ ಗುಂಡಿನ ಆಯುಷ್ಯ ಎಷ್ಟೆಂದು ನೀವೇ ಯೋಚಿಸಿ. ಗುಂಡು ಚೆನ್ನಾಗಿರಲು 15ರಿಂದ 25 ಡಿಗ್ರಿ ತಾಪ ಮತ್ತು ಅರ್ಧಕ್ಕಿಂತ ಕಡಿಮೆ ಆರ್ದ್ರತೆ ಬೇಕು. ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ, ವಾರಕ್ಕೊಮ್ಮೆ ಡಬ್ಬಿಯನ್ನು ಮಗುಚಿ ಇಡುವುದು, ಇಷ್ಟಾದರೆ ಸಾಕು. ಮಗುಚದಿದ್ದರೆ ಗುಂಡುಗಳು ಒಂದರ ಭಾರಕ್ಕೆ ಇನ್ನೊಂದು ಅದುಮಿಕೊಂಡು ಆಕಾರ ಕೆಡುತ್ತವೆ.

ಫ್ರಿಜ್‌ನಲ್ಲಿಟ್ಟ ಗುಂಡು ಆಟಕ್ಕೆ ಬೇಡವೇ ಬೇಡ. ತಣ್ಣಗಾದರೆ ಕವಚ ಬಿರುಸಾಗುತ್ತದೆ. ಹೆಪ್ಪುಗಟ್ಟಿದ್ದರಂತೂ ಮೈಮೇಲೆ ಒಡೆಯುವ ಬದಲು ಗಾಯ ಮಾಡುತ್ತದೆ.

ನೆಲಕ್ಕೆ ಬಿದ್ದ ಗುಂಡನ್ನು ಎತ್ತಿ ಮತ್ತೆ ತುಂಬಬೇಡಿ. ಅಂಟಿದ ಮರಳು ನಳಿಗೆಯ ಒಳಮೈಯನ್ನು ಗೀರುತ್ತದೆ. ಹಾಗೆಂದು ಅಲ್ಲೇ ಬಿಟ್ಟು ಹೋಗಲೂಬೇಡಿ! ಗುಂಡಿನೊಳಗಿನ ಬಣ್ಣದ ಮುಖ್ಯ ದ್ರವ ಪಾಲಿಎಥಿಲೀನ್ ಗ್ಲೈಕಾಲ್. ಮನುಷ್ಯರ ಚರ್ಮಕ್ಕೆ ಅದರಿಂದ ತೊಂದರೆ ಇಲ್ಲ. ನಾಯಿ ಹತ್ತಾರು ಗುಂಡು ನುಂಗಿದರೆ ಮಾತ್ರ ಒಳಗಿನ ದ್ರವ ಮೈಯ ನೀರನ್ನೆಲ್ಲ ಕರುಳಿಗೆ ಸೆಳೆಯುತ್ತದೆ. ರಕ್ತದಲ್ಲಿ ಸೋಡಿಯಂ ಏರಿ ನಡುಕ, ವಾಂತಿ, ಕೆಲವೊಮ್ಮೆ ಸಾವೂ ಬರುತ್ತದೆ ಎಂದು ಪಶುವೈದ್ಯರು ದಾಖಲಿಸಿದ್ದಾರೆ. ನಮ್ಮಲ್ಲಿ ರೆಸಾರ್ಟಿನ ಬೇಲಿಯಾಚೆ ದನ, ನಾಯಿ ಮಾತ್ರವಲ್ಲ, ಕಾಡುಪ್ರಾಣಿಗಳೂ ಓಡಾಡುತ್ತವೆ. ಆಟ ಮುಗಿದ ಮೇಲೆ ನೆಲ ಹೆಕ್ಕುವುದನ್ನು ಆಟದ ಭಾಗವೆಂದೇ ಇಟ್ಟುಕೊಳ್ಳಬೇಕು.

ಕುದುರೆ ಎಳೆದಾಗ ಒಳಗೆ ಏನಾಗುತ್ತದೆ? ಬಾಡಿಗೆಗೆ ಕೊಡುವ ಸಾಮಾನ್ಯ ಮಾರ್ಕರಿನಲ್ಲಿ ಸ್ಪ್ರಿಂಗಿಗೆ ಆತು ಹಿಂದೆ ನಿಂತ ಒಂದು ಉಕ್ಕಿನ ತುಂಡು ಇರುತ್ತದೆ, ಅದಕ್ಕೆ ಹ್ಯಾಮರ್ ಎನ್ನುತ್ತಾರೆ. ಕುದುರೆ ಅದರ ಕೊಂಡಿ ಬಿಡಿಸುತ್ತದೆ. ಹ್ಯಾಮರ್ ಮುಂದೆ ನುಗ್ಗಿ ವಾಲ್ವನ್ನು ಬಡಿಯುತ್ತದೆ. ಅದೇ ಹೊತ್ತಿಗೆ ಅದಕ್ಕೆ ಜೋಡಿಸಿದ ಬೋಲ್ಟ್ ಗುಂಡನ್ನು ನಳಿಗೆಯೊಳಗೆ ತಳ್ಳುತ್ತದೆ. ತೆರೆದ ವಾಲ್ವಿನಿಂದ ಬಂದ ಅನಿಲದ ಒಂದು ಪಾಲು ಗುಂಡನ್ನು ಹೊರಗೆಸೆಯುತ್ತದೆ, ಇನ್ನೊಂದು ಪಾಲು ಹ್ಯಾಮರನ್ನು ಹಿಂದಕ್ಕೆ ಒದ್ದು ಮತ್ತೆ ಕೊಂಡಿಗೆ ಸಿಕ್ಕಿಸುತ್ತದೆ. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ! ಮಾರ್ಕರಿಗೆ ಜೋಡಿಸಿದ ಸಿಲಿಂಡರಿನಲ್ಲಿ ಅನಿಲ ಕಡಿಮೆಯಾದಾಗ ಎರಡನೇ ಪಾಲಿಗೆ ಬಲ ಸಾಲದು. ಹ್ಯಾಮರ್ ಕೊಂಡಿಯವರೆಗೆ ಹೋಗದೆ ಹಿಂದೆ ಮುಂದೆ ಹೊಡೆದುಕೊಳ್ಳುತ್ತದೆ, ಮಾರ್ಕರ್ ತಾನಾಗಿಯೇ ಪಟಪಟ ಹಾರಿಸತೊಡಗುತ್ತದೆ. ಕೆಟ್ಟಿದೆ ಎಂದು ಬಿಚ್ಚಲು ಹೋಗುವ ಮುನ್ನ ಸಿಲಿಂಡರ್ ನೋಡಿ.

ಗುಂಡಿಗೂ ನಳಿಗೆಗೂ ಜೋಡಿ ಕೂಡುತ್ತದೆಯೇ ಎಂದು ನೋಡಲು ಉಪಕರಣ ಬೇಕಿಲ್ಲ, ನಿಮ್ಮ ಉಸಿರು ಸಾಕು. ನಳಿಗೆಯನ್ನು ಮಾರ್ಕರಿನಿಂದ ಪೂರ್ತಿ ಬಿಚ್ಚಿ ತೆಗೆಯಿರಿ. ಹಿಂಬದಿಯಿಂದ ಒಂದು ಗುಂಡು ಹಾಕಿ. ಸರ್ರನೆ ಜಾರಿ ಆಚೆ ಬಿದ್ದರೆ ನಳಿಗೆ ದೊಡ್ಡದು, ಅನಿಲ ಸುತ್ತಲಿಂದ ಸೋರಿ ವೇಗ ಒಂದೇ ಸಮ ಬರುವುದಿಲ್ಲ. ಊದಿದರೂ ಅಲುಗದಿದ್ದರೆ ಗುಂಡು ಊದಿಕೊಂಡಿದೆ, ಒಳಗೇ ಒಡೆಯುತ್ತದೆ. ಹಾಕಿದಲ್ಲೇ ನಿಂತು, ಒಮ್ಮೆ ಊದಿದ ಕೂಡಲೇ ಹೊರಗೆ ಹೋದರೆ ಅದೇ ಸರಿಯಾದ ಜೋಡಿ. ಬೇಸಿಗೆಯಲ್ಲಿ ಸರಿ ಕೂತ ಗುಂಡೇ ಮಳೆ ಬಿದ್ದ ಮೇಲೆ ಬಿಗಿಯಾಗಬಹುದು.

ನಳಿಗೆಯಲ್ಲಿ ಗುಂಡು ಒಡೆದರೆ ಮತ್ತೆ ಮತ್ತೆ ಹಾರಿಸಿ ಬಣ್ಣ ಕಳೆಯಲು ಹೋಗುತ್ತಾರಲ್ಲ, ಅದು ತಪ್ಪು. ಒಳಗಿನ ಅಂಟಿಗೆ ತಾಗಿ ಮುಂದಿನ ಗುಂಡು ಅಡ್ಡಾದಿಡ್ಡಿ ಹೋಗುತ್ತದೆ, ಇಲ್ಲವೇ ಅದೂ ಒಡೆಯುತ್ತದೆ. ಸ್ಕ್ವೀಜಿ ಎಂಬ, ರಬ್ಬರ್ ಬಿಲ್ಲೆಯ ಕಡ್ಡಿಯಿಂದ ಒಮ್ಮೆ ಎಳೆದು, ಒಣ ಬಟ್ಟೆ ಆಡಿಸಿದರೆ ಮುಗಿಯಿತು. ದಿನದ ಕೊನೆಗೆ ನಳಿಗೆಯನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಬಣ್ಣ, ಕವಚ ಎರಡೂ ನೀರಿಗೇ ಕರಗುತ್ತವೆ, ಪೆಟ್ರೋಲು ಸೀಮೆಎಣ್ಣೆಯ ಕೆಲಸ ಇಲ್ಲ. ತೊಳೆದದ್ದು ಪೂರ್ತಿ ಒಣಗಲಿ. ವಾಲ್ವಿನ ಕಡೆಗೆ ಮಾತ್ರ ನೀರು ಬಿಡಬೇಡಿ, ಒಳಗಿನ ಉಕ್ಕು ನಮ್ಮ ಹವೆಗೆ ಬೇಗ ತುಕ್ಕು ಹಿಡಿಯುತ್ತದೆ.

ಇನ್ನು ಅನಿಲ. ಈ ಲೇಖನದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ.

ಮಾರ್ಕರಿಗೆ ಬಳಸುವ ಇಂಗಾಲದ ಡೈಆಕ್ಸೈಡ್ ಸಿಲಿಂಡರಿನೊಳಗೆ ದ್ರವವಾಗಿರುತ್ತದೆ. ಮೇಲಿನ ಖಾಲಿ ಜಾಗದಲ್ಲಿ ಅದರದೇ ಆವಿ. ಆ ಆವಿಯ ಒತ್ತಡ ಎಷ್ಟು ಎಂಬುದನ್ನು ನಿರ್ಧರಿಸುವುದು ಹವೆಯ ತಾಪ. 15 ಡಿಗ್ರಿಯಲ್ಲಿ ಸುಮಾರು 51 ಬಾರ್, 20ರಲ್ಲಿ 57, 30ರಲ್ಲಿ 72. ಕಾರಿನ ಚಕ್ರಕ್ಕೆ ನಾವು ತುಂಬಿಸುವ ಗಾಳಿ 2 ಬಾರ್‌ಗಿಂತ ತುಸು ಹೆಚ್ಚು ಅಷ್ಟೇ, ಹೋಲಿಸಿ ನೋಡಿ! 31 ಡಿಗ್ರಿ ದಾಟಿದರೆ ಇನ್ನೊಂದು ವಿಚಿತ್ರ: ದ್ರವ, ಆವಿ ಎಂಬ ಭೇದವೇ ಅಳಿದು ಎರಡೂ ಒಂದಾಗುತ್ತವೆ. ಆಮೇಲೆ ಸಿಲಿಂಡರಿನಲ್ಲಿ ಎಷ್ಟು ತುಂಬಿದೆಯೋ ಅದಕ್ಕೆ ತಕ್ಕಂತೆ ಒತ್ತಡ ಸರಸರ ಏರುತ್ತದೆ. ಏಪ್ರಿಲ್ ಮಧ್ಯಾಹ್ನದ ಹಳಿಯಾಳದಲ್ಲಿ 31 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಹುಬ್ಬಳ್ಳಿಯಲ್ಲಿ ಸಿಲಿಂಡರ್ ತುಂಬಿಸಿ, ಡಿಕ್ಕಿಯಲ್ಲಿಟ್ಟು, ದಾರಿಯಲ್ಲಿ ಊಟಕ್ಕೆಂದು ಕಾರನ್ನು ಬಿಸಿಲಲ್ಲಿ ನಿಲ್ಲಿಸಿದರೆ ಏನಾದೀತು? ಇದಕ್ಕೆಂದೇ ವಾಲ್ವಿನಲ್ಲಿ ತೆಳುವಾದ ಲೋಹದ ಬಿಲ್ಲೆಯೊಂದಿದೆ. ಒತ್ತಡ ಮಿತಿ ಮೀರಿದರೆ ಸಿಲಿಂಡರ್ ಸಿಡಿಯುವ ಮುಂಚೆ ಆ ಬಿಲ್ಲೆ ಒಡೆದು ಅನಿಲವನ್ನು ಹೊರಬಿಡುತ್ತದೆ. ಮುಚ್ಚಿದ ಕಾರಿನಲ್ಲಿ ಆ ಅನಿಲವೂ ಉಸಿರು ಕಟ್ಟಿಸುವಂಥದೇ. ಸಿಲಿಂಡರನ್ನು ತೂಕ ಮಾಡಿಯೇ ತುಂಬಬೇಕು, ಮೈಮೇಲೆ ಬರೆದ ತೂಕಕ್ಕಿಂತ ಒಂದು ಗ್ರಾಂ ಕೂಡ ಹೆಚ್ಚಿಗೆ ಬೇಡ.

ಬೆಳಗಿನ ವೇಗ ಮಧ್ಯಾಹ್ನಕ್ಕೆ ಇರುವುದಿಲ್ಲ. ಡಿಸೆಂಬರಿನಲ್ಲಿ ಕಾಳಿ ದಂಡೆಯ ಮಂಜು ಕರಗುವ ಮುಂಚೆ ವೇಗ ಹೊಂದಿಸಿದ ಮಾರ್ಕರ್, ಬಿಸಿಲೇರಿದ ಮೇಲೆ ಅದೇ ಗುಂಡನ್ನು ಜೋರಾಗಿ ಎಸೆಯುತ್ತದೆ. ಊಟದ ನಂತರ ಇನ್ನೊಮ್ಮೆ ಅಳೆಯಲೇಬೇಕು.

ಅಳೆಯುವ ಯಂತ್ರದ ಹೆಸರು ಕ್ರೋನೊಗ್ರಾಫ್. ಬಯಲಿನ ಆಟಕ್ಕೆ ಒಪ್ಪಿತವಾದ ಗರಿಷ್ಠ ವೇಗ ಸೆಕೆಂಡಿಗೆ 300 ಅಡಿ, ಅಂದರೆ 91 ಮೀಟರ್. ಗಂಟೆಯ ಲೆಕ್ಕದಲ್ಲಿ ಸುಮಾರು 330 ಕಿಲೋಮೀಟರ್! ಎಷ್ಟೋ ಮೈದಾನಗಳಲ್ಲಿ 280 ಅಡಿಗೇ ನಿಲ್ಲಿಸುತ್ತಾರೆ. ಶಕ್ತಿ ಏರುವುದು ವೇಗದ ವರ್ಗಕ್ಕೆ ತಕ್ಕಂತೆ. 280ರಿಂದ 300ಕ್ಕೆ ಹೋದರೆ ವೇಗ ಹೆಚ್ಚಿದ್ದು ನೂರಕ್ಕೆ 7, ಪೆಟ್ಟಿನ ಬಲ ಹೆಚ್ಚಿದ್ದು ನೂರಕ್ಕೆ 15ರಷ್ಟು. ಕ್ರೋನೊಗ್ರಾಫ್ ಇಲ್ಲದ ಕಡೆ ಆಡಬೇಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಅದು ಮೇಜಿನ ಮೇಲೆ, ಆಡುವವರ ಕಣ್ಣಿಗೆ ಕಾಣುವಂತೆ ಇರಬೇಕು. ತಮ್ಮ ಮಾರ್ಕರಿನ ಅಂಕಿಯನ್ನು ಅವರೇ ನೋಡಲಿ.

ವೇಗ ಕಡಿಮೆ ಮಾಡುವ ಸ್ಕ್ರೂ ಯಾವ ಕಡೆ ತಿರುಗಬೇಕು? ಎಲ್ಲ ಮಾರ್ಕರಿಗೂ ಒಂದೇ ಉತ್ತರ ಇಲ್ಲ. ಹಿಂಬದಿಯಲ್ಲಿ ಸ್ಕ್ರೂ ಇರುವ ಸ್ಪೈಡರ್ ಮಾದರಿಗಳಲ್ಲಿ ಒಳಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗಿ ವೇಗ ಏರುತ್ತದೆ. ಬಾಡಿಗೆ ಮೈದಾನಗಳಲ್ಲಿ ಜಗತ್ತಿನಾದ್ಯಂತ ಹೆಸರಾದ ಟಿಪ್‌ಮ್ಯಾನ್ 98ರಲ್ಲಿ ಸ್ಕ್ರೂ ಇರುವುದು ಪಕ್ಕದಲ್ಲಿ, ಅದು ಅನಿಲದ ದಾರಿಗೆ ಅಡ್ಡ ಬರುತ್ತದೆ, ಒಳಕ್ಕೆ ತಿರುಗಿಸಿದಷ್ಟೂ ವೇಗ ಇಳಿಯುತ್ತದೆ. ಒಂದನ್ನು ಕಲಿತವರು ಇನ್ನೊಂದನ್ನು ಹಾಗೇ ತಿರುಗಿಸಿದರೆ ಇಳಿಸಲು ಹೋಗಿ ಏರಿಸುತ್ತಾರೆ! ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸಿ, ಕೆಲವು ಗುಂಡು ಹಾರಿಸಿ ಅಂಕಿ ನೋಡಿ, ಮತ್ತೆ ಕಾಲು ಸುತ್ತು. ಅವಸರ ಬೇಡ.

ಒಂದೇ ಸಮನೆ ಹಾರಿಸಿದರೆ ಸಿಲಿಂಡರಿನ ಮೈಮೇಲೆ ಇಬ್ಬನಿ ಕಟ್ಟುವುದನ್ನು ನೋಡಿದ್ದೀರಾ? ದ್ರವ ಆವಿಯಾಗಲು ಬೇಕಾದ ಶಾಖವನ್ನು ಸಿಲಿಂಡರಿನಿಂದಲೇ ಎಳೆದುಕೊಳ್ಳುತ್ತದೆ. ಒತ್ತಡ ಕುಗ್ಗಿ ಗುಂಡು ಹತ್ತಿರದಲ್ಲೇ ಬೀಳತೊಡಗುತ್ತದೆ. ಮಾರ್ಕರನ್ನು ಮುಖ ಕೆಳಗೆ ಮಾಡಿ ಹಿಡಿದರೆ ದ್ರವವೇ ವಾಲ್ವಿನೊಳಗೆ ಹರಿದು ವೇಗ ಒಮ್ಮೆಗೇ ಏರುವುದೂ ಉಂಟು.

ಈ ಪೇಚಾಟ ಬೇಡವೆಂದೇ ಈಗ ಹಲವರು ಒತ್ತಿದ ಗಾಳಿಯ ಸಿಲಿಂಡರ್ ಬಳಸುತ್ತಾರೆ. ಅಲ್ಯೂಮಿನಿಯಂ ಆದರೆ ಸುಮಾರು 200 ಬಾರ್, ಇಂಗಾಲದ ನಾರು ಸುತ್ತಿದ್ದಾದರೆ 300 ಬಾರ್ ಮೇಲೆ. ಬಾಯಲ್ಲಿರುವ ರೆಗ್ಯುಲೇಟರ್ ಅದನ್ನು ಇಳಿಸಿ ಒಂದೇ ಸಮ ಒತ್ತಡದಲ್ಲಿ ಕೊಡುತ್ತದೆ. ಹವೆ ಬದಲಾದರೂ ವೇಗ ಹೆಚ್ಚು ಏರುಪೇರಾಗುವುದಿಲ್ಲ. ನಮ್ಮ ಹವೆಗೆ ಇದೇ ವಾಸಿ. ಆದರೆ ಅದನ್ನು ತುಂಬುವಾಗ ಬಾಯಿಗೆ ಒಂದು ಹನಿ ಎಣ್ಣೆಯೂ ತಾಗಬಾರದು. ಅಷ್ಟು ಒತ್ತಡದ ಗಾಳಿ ಎಣ್ಣೆಯನ್ನು ಹೊತ್ತಿಸಬಲ್ಲದು. ದೇಶದಲ್ಲಿ ಅನಿಲ ಸಿಲಿಂಡರುಗಳಿಗೆ 2016ರ ನಿಯಮಗಳಿವೆ, ನೋಡಿಕೊಳ್ಳುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ ಎಂಬ ಸರ್ಕಾರಿ ಸಂಸ್ಥೆ. ಪರೀಕ್ಷೆಯ ದಿನಾಂಕವನ್ನು ಸಿಲಿಂಡರಿನ ಮೈಮೇಲೆಯೇ ಒತ್ತಿರುತ್ತಾರೆ. ಕೊಳ್ಳುವ ಮುಂಚೆ ಅದನ್ನು ಓದಿ.

ಉಗುರು ಬಣ್ಣ ಜೀವ ಉಳಿಸೀತು! ಮಾರ್ಕರಿನಿಂದ ಸಿಲಿಂಡರ್ ಬಿಚ್ಚುವಾಗ ಕೆಲವೊಮ್ಮೆ ವಾಲ್ವ್ ಮಾರ್ಕರಿಗೇ ಅಂಟಿಕೊಂಡು, ಸಿಲಿಂಡರ್ ವಾಲ್ವಿನಿಂದ ಬಿಚ್ಚಿಕೊಳ್ಳುತ್ತದೆ. ಕೊನೆಯ ಸುತ್ತು ಬಿಟ್ಟ ಕ್ಷಣ ಸಿಲಿಂಡರ್ ರಾಕೆಟ್ಟಿನ ವೇಗದಲ್ಲಿ ಹಾರುತ್ತದೆ. ಅಮೆರಿಕದಲ್ಲಿ ಹೀಗೆ ಜೀವಗಳೇ ಹೋಗಿವೆ. ತಡೆಯುವುದು ಸುಲಭ. ವಾಲ್ವಿನಿಂದ ಸಿಲಿಂಡರಿನ ಕತ್ತಿನವರೆಗೆ ಉಗುರು ಬಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ. ಬಿಚ್ಚುವಾಗ ಗೆರೆ ಎರಡು ತುಂಡಾಗಿ ಸರಿದದ್ದು ಕಂಡರೆ ಕೈ ನಿಲ್ಲಿಸಿ. ಹಿಂದಕ್ಕೆ ಬಿಗಿದು, ಬಲ್ಲವರಿಗೆ ಕೊಡಿ. ಸಿಲಿಂಡರ್ ತಂದ ದಿನವೇ ಈ ಗೆರೆ ಎಳೆದುಬಿಡಿ.

ಸಿಲಿಂಡರ್ ಬಿಚ್ಚಿದರೂ ಮಾರ್ಕರ್ ಖಾಲಿಯಾಗಿಲ್ಲ. ಒಂದೆರಡು ಗುಂಡಿಗೆ ಸಾಲುವಷ್ಟು ಅನಿಲ ಒಳಗೆ ಉಳಿದಿರುತ್ತದೆ. ಕ್ರಮ ಹೀಗೆ: ಮೊದಲು ಗುಂಡು ತುಂಬುವ ಡಬ್ಬಿ, ಅಂದರೆ ಹಾಪರ್, ತೆಗೆಯುವುದು, ಆಮೇಲೆ ಸಿಲಿಂಡರ್, ನಂತರ ನೆಲದ ಕಡೆ ಹಿಡಿದು ಸದ್ದು ನಿಲ್ಲುವವರೆಗೆ ಹಾರಿಸುವುದು. ಮುಖಗವಸು ಕಳಚುವುದು ಇದೆಲ್ಲ ಆದ ಮೇಲೆ.

ಸುಸ್ ಎಂಬ ಸದ್ದು ಎಲ್ಲಿಂದ? ಹತ್ತರಲ್ಲಿ ಒಂಬತ್ತು ಸಲ ತಪ್ಪು ಓ-ರಿಂಗಿನದು ಎಂದು ಈ ಕೆಲಸ ಬಲ್ಲವರು ಹೇಳುತ್ತಾರೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುವ ಜಾಗವೇ ಉತ್ತರ. ಸಿಲಿಂಡರಿನ ಬಾಯಲ್ಲಿರುವ ಓ-ರಿಂಗನ್ನು ಬೆರಳ ತುದಿಯಿಂದ ಸುತ್ತ ಸವರಿ ನೋಡಿ. ಚಿಕ್ಕದೊಂದು ಕಚ್ಚು, ಚಪ್ಪಟೆಯಾದ ಬದಿ, ಅಂಟಂಟು ಮೈ, ಇವುಗಳಲ್ಲಿ ಒಂದಿದ್ದರೂ ಬದಲಿಸಿ. ಇಂಗಾಲದ ಡೈಆಕ್ಸೈಡ್ ರಬ್ಬರಿನೊಳಕ್ಕೂ ಇಳಿಯುತ್ತದೆ, ಸಿಲಿಂಡರ್ ಬಿಚ್ಚಿದ ಕೂಡಲೇ ರಿಂಗು ಊದಿಕೊಂಡು ಹೊರಬರುವುದು ಅದಕ್ಕೇ. ಆಗ ತುರುಕಬೇಡಿ, ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಇಳಿಯುತ್ತದೆ. ಅದಕ್ಕಿಂತ ಯುರೆಥೇನ್ ರಿಂಗು ಹಾಕಿಸಿ, ಹೆಚ್ಚು ಬಾಳುತ್ತದೆ.

ತುಕ್ಕಿನ ಬೋಲ್ಟ್ ಬಿಡಿಸುವ ಡಬ್ಲ್ಯುಡಿ-40 ಇಲ್ಲಿ ಬೇಡ. ಅದರ ದ್ರಾವಕ ಸೀಲುಗಳನ್ನು ಹಾಳುಮಾಡುತ್ತದೆ. ಮಾರ್ಕರಿಗೆಂದೇ ಬರುವ ತೆಳು ಎಣ್ಣೆಯ ಮೂರ್ನಾಲ್ಕು ಹನಿ ಸಾಕು.

ಕಣ್ಣಿಗೆ ಬಿಸಿಲು ಕನ್ನಡಕವಾಗಲಿ ಬೈಕಿನ ಹೆಲ್ಮೆಟ್ ಗಾಜಾಗಲಿ ಸಾಲದು. ಪೇಂಟ್‌ಬಾಲ್ ಮುಖಗವಸಿಗೆ ಪ್ರತ್ಯೇಕ ಮಾನಕವೇ ಇದೆ, ಎಎಸ್‌ಟಿಎಂ ಎಫ್1776. ಗಾಜು ಒರೆಸಲು ನೀರು, ಮೆತ್ತನೆ ಬಟ್ಟೆ ಅಷ್ಟೇ. ಅಮೋನಿಯಾ ಇರುವ ದ್ರಾವಣ ತಾಗಿದರೆ ಪಾಲಿಕಾರ್ಬೊನೇಟ್ ಬಿರುಕು ಬಿಡುತ್ತದೆ. ನಮ್ಮಲ್ಲಿ ಮಂಜು ಕಟ್ಟುವುದೇ ದೊಡ್ಡ ತಲೆನೋವು, ಬೆವತವರು ಆಟದ ನಡುವೆ ಮುಖಗವಸು ಎತ್ತಿ ಒರೆಸಲು ಹೋಗುತ್ತಾರೆ. ಕಣ್ಣು ಹೋಗುವುದು ಆ ಒಂದು ಕ್ಷಣದಲ್ಲೇ. ಎರಡು ಪದರದ ಥರ್ಮಲ್ ಗಾಜಿಗೆ ಮಂಜು ಕಡಿಮೆ.

ಈ ಮಾರ್ಕರನ್ನು ಹಿಡಿದು ಅಭಯಾರಣ್ಯದೊಳಗೆ ಹೆಜ್ಜೆ ಇಡುವಂತಿಲ್ಲ. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರು ಪಡೆದ ಕಾಡು ನಮ್ಮ ಮಗ್ಗುಲಲ್ಲೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಲಂ 31ರ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವಂತಿಲ್ಲ. ಅದೇ ಕಾಯ್ದೆ ‘ಆಯುಧ’ದ ಅರ್ಥದಲ್ಲಿ ಪ್ರಾಣಿಗೆ ಗಾಯ ಮಾಡಬಲ್ಲ ಯಾವುದೇ ಸಾಧನವನ್ನೂ ಸೇರಿಸಿದೆ. ಟಿಂಬರ್ ಡಿಪೋದ ಮರಗಳ ಮೇಲೆ ಮಂಗಟ್ಟೆ ಕೂತಿರುವ ಊರಿದು. ಮಂಗನಿಗೆ, ಹಕ್ಕಿಗೆ ಗುರಿ ಇಡುವವರ ಕೈಯಿಂದ ಮಾರ್ಕರ್ ಕಿತ್ತುಕೊಳ್ಳುವ ಧೈರ್ಯ ಮೈದಾನದವರಿಗಿರಬೇಕು.

ಜೂನ್ ಬಂದು ಆಟ ನಿಂತಾಗ ಮಾರ್ಕರನ್ನು ಹಾಗೇ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಬೇಡಿ. ಬಿಚ್ಚಿ, ತೊಳೆದು, ಒಣಗಿಸಿ, ಉಕ್ಕಿನ ಭಾಗಗಳಿಗೆ ತೆಳುವಾಗಿ ಎಣ್ಣೆ ಸವರಿ, ಸ್ಪ್ರಿಂಗನ್ನು ಸಡಿಲ ಬಿಟ್ಟು ಡಬ್ಬಿಗೆ ಹಾಕಿ. ಗುಂಡುಗಳನ್ನು ಉಳಿಸಿಕೊಂಡರೆ ಅಕ್ಟೋಬರಿಗೆ ಸಿಗುವುದು ಅಂಟಿದ ಮುದ್ದೆ, ಮಳೆಗೆ ಮುಂಚೆಯೇ ಮುಗಿಸಿಬಿಡಿ. ಸಿಲಿಂಡರನ್ನು ಮಾತ್ರ ಪೂರ್ತಿ ಖಾಲಿ ಮಾಡಬೇಡಿ. ಒಳಗೆ ಸ್ವಲ್ಪ ಒತ್ತಡ ಉಳಿದಿದ್ದರೆ ಹೊರಗಿನ ತೇವದ ಗಾಳಿ ಒಳನುಗ್ಗುವುದಿಲ್ಲ.